ವಿದೇಶಿಯರ ಸಾಲು

2 ಫೆಬ್ರವರಿ 2025, ಭಾನುವಾರ

ನನ್ನ ಅಣ್ಣ ಮಾರೇಶ ತನ್ನ ಪೌರತ್ವವನ್ನು ಮಾರಲು ಹೊರಟಿದ್ದಾನೆ. ಇದಕ್ಕಿಂತ ಮೆತ್ತಗಿನ ಮಾತು ಹುಡುಕಬಾರದು ಎಂದು ನಿರ್ಧರಿಸಿಯೇ ಬರೆಯಲು ಕೂತಿದ್ದೇನೆ.

ನಿನ್ನೆ ಸಂಜೆ ಫೋನ್ ಮಾಡಿದ. ಅವ್ವ ಆಗತಾನೇ ರೈಸ್ ಮಿಲ್ಲಿನಿಂದ ಬಂದು ಸೆರಗಿನ ತೌಡು ಕೊಡವುತ್ತಿದ್ದಳು. ನಾನು ಸ್ಪೀಕರ್ ಹಾಕಿದೆ. ಮೂರು ವರ್ಷದಿಂದ ಅವನು ದುಡ್ಡಿಗೆ ಬಾಕ್ಸಿಂಗ್ ಆಡುತ್ತಿರುವ ಕೊಲ್ಲಿಯ ದೇಶ ಈಗ ತನ್ನ ಪಾಸ್‌ಪೋರ್ಟನ್ನೇ ಕೊಡಲು ಮುಂದಾಗಿದೆಯಂತೆ. ಇನ್ನು ಮುಂದೆ ಆ ದೇಶದವನಾಗಿ, ಆ ಬಾವುಟ ಹೊದ್ದು ರಿಂಗಿಗೆ ಇಳಿಯಬೇಕು. ನಮ್ಮ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ಅದನ್ನು ತೆಗೆದುಕೊಂಡರೆ ಇದು ಹೋಯಿತು.

“ಇನ್ನಾ ಹ್ಞೂಂ ಅಂದಿಲ್ಲಬೇ. ಊರಿಗೆ ಬಂದು ಮಾತಾಡ್ತೀನಿ,” ಅಂದ.

“ಉಂಡ್ಯೇನಪ್ಪಾ?” ಎಂದು ಅವ್ವ ಕೇಳಿದಳು. ಅಷ್ಟೇ ಕೇಳಿದಳು.

ಆ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ನಮ್ಮಜ್ಜಿ ಹೊಳೆಮ್ಮನಿಗೆ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ, ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಬಾ, ಒಳಗೆ ಬಾ ಎಂದು ಅವಳನ್ನು ಎಲ್ಲರ ಸಾಲಿನಲ್ಲಿ ನಿಲ್ಲಿಸಿ ಕರೆದ ಮೊದಲ ಬಾಗಿಲು ಮತಗಟ್ಟೆಯದು. ಬೆರಳಿನ ಶಾಯಿ ಅಳಿಸೀತೆಂದು ಮರುದಿನ ಪಾತ್ರೆ ತೊಳೆಯುತ್ತಿರಲಿಲ್ಲವಂತೆ. ಪೌರತ್ವ ನಮ್ಮ ಮನೆಗೆ ಬಂದದ್ದು ಹಾಗೆ. ನಾನು ಓದಿದ ಕಿರುಹೊತ್ತಿಗೆಗಳೆಲ್ಲ ಹೇಳುವುದೂ ಅದನ್ನೇ: ದೇಶ ಉಳ್ಳವರಿಗೆ ಆಸ್ತಿಯಂತೆ ಬರುತ್ತದೆ, ನಮ್ಮಂಥವರು ಅದನ್ನು ಗೆದ್ದುಕೊಳ್ಳಬೇಕು. ಅಜ್ಜಿ ಗೆದ್ದದ್ದನ್ನು ಅಣ್ಣ ಒಂದು ಸಹಿಯಲ್ಲಿ ಕಳೆಯುತ್ತಾನೆ. ಇಷ್ಟು ಪೆಟ್ಟು ತಿಂದವನಿಗೆ ಇದು ಗೊತ್ತಾಗುವುದಿಲ್ಲವೇ?

5 ಫೆಬ್ರವರಿ, ಬುಧವಾರ

ಕರಪತ್ರ ಬರೆದೆ. ನಾನು ಕೆಲಸ ಮಾಡುವ ಹೊಸಪೇಟೆಯ ಡಿಟಿಪಿ ಅಂಗಡಿಯಲ್ಲಿ, ಓನರ್ ವಿಜಯಕುಮಾರ್ ಊಟಕ್ಕೆ ಹೋದಾಗ ಕಂಪೋಸ್ ಮಾಡಿದೆ. ಅಣ್ಣನ ಹೆಸರು ಹಾಕಿಲ್ಲ, ದ್ರೋಹಿ ಎಂದಷ್ಟೇ ಬರೆದಿದ್ದೇನೆ. “ಗೆದ್ದಾಗ ನಮ್ಮವನು, ಬೆಲೆ ಬಂದಾಗ ಯಾರವನು?” ಎಂದು ತಲೆಬರಹ. ಕೊನೆಯ ಸಾಲು ನನಗೇ ಇಷ್ಟವಾಯಿತು: “ಬಾವುಟ ಬದಲಿಸುವವನ ಮುಷ್ಟಿಯಲ್ಲಿ ಬಲವಿರಬಹುದು, ಬೆನ್ನಿನಲ್ಲಿ ಮೂಳೆಯಿಲ್ಲ.”

ನಮ್ಮ ಓದುವ ಬಳಗದ ಹುಲುಗೇಶ ಆಟೊ ನಿಲ್ಲಿಸಿ ಬಂದು ಅದನ್ನು ಎರಡು ಸಲ ಓದಿದ.

“ಹೆಸರು ಹಾಕದಿದ್ರೇನು ಯಕ್ಕ, ಕಂಪ್ಲಿ ತಾಲೂಕಿನ್ಯಾಗ ಬಾಕ್ಸರ್ ಎಷ್ಟು ಮಂದಿ ಅದಾರ?”

“ಇದು ಮನುಷ್ಯಾನ ಮ್ಯಾಲಿಂದಲ್ಲ, ತತ್ವದ ಮ್ಯಾಲಿಂದು,” ಅಂದೆ.

“ತತ್ವಕ್ಕ ನಿಮ್ಮಣ್ಣನ ಮಾರಿ ಐತಲ್ಲ.”

ಹುಲುಗೇಶ ಒಳ್ಳೆಯವನು. ಆದರೆ ಮಮಕಾರ ಬಿಡದವನು ಹೋರಾಟಕ್ಕೆ ಬರಬಾರದು. ಹಸಿರು ಕಾಗದದಲ್ಲಿ ಪ್ರಿಂಟ್ ಹಾಕಿಸಿ ಹೊಸಪೇಟೆ, ಕಮಲಾಪುರ, ಕಂಪ್ಲಿ ಮೂರೂ ಕಡೆ ಹಂಚಿದೆವು.

9 ಫೆಬ್ರವರಿ, ಭಾನುವಾರ

ದುರುಗೇಶನ ಯುವಕ ಸಂಘದವರು ಕರಪತ್ರದ ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕಿದ್ದಾರೆ. ದುರುಗೇಶನನ್ನು ನಾನು ಎಂದೂ ಒಪ್ಪಿದವಳಲ್ಲ. ಅವನಿಗೆ ದೇಶವೆಂದರೆ ಬೈಕಿಗೆ ಕಟ್ಟುವ ಬಟ್ಟೆ. ಹೋದ ವರ್ಷ ಅಣ್ಣ ಗೆದ್ದಾಗ ಅವನ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ತನ್ನ ಫೋಟೋ ಹಾಕಿಸಿ ಕಂಪ್ಲಿ ಬಸ್‌ಸ್ಟ್ಯಾಂಡ್ ಮುಂದೆ ಫ್ಲೆಕ್ಸ್ ಕಟ್ಟಿದವನು ಅವನೇ.

ಇವತ್ತು ಬಸ್ಸಿನಲ್ಲಿ ಎದ್ದು ನಿಂತು ಸೀಟು ಬಿಟ್ಟುಕೊಟ್ಟ. “ಕುಂದ್ರಿ ಸುಕನ್ಯಕ್ಕ. ಸ್ವಂತ ಅಣ್ಣ ಅಂತ ನೋಡ್ಲಿಲ್ಲ ನೋಡ್ರಿ. ಹೆಣ್ಣುಹುಲಿ ಅಂದ್ರ ನೀವು.”

ಕೂತೆ. ಸತ್ಯ ಯಾರ ಬಾಯಿಂದ ಬಂದರೂ ಸತ್ಯವೇ. ನಮ್ಮೂರು ಕಂಪ್ಲಿ ಬರುವವರೆಗೂ ಕಿಟಕಿಯಾಚೆಯ ಬಾಳೆತೋಟ ನೋಡುತ್ತಿದ್ದೆ.

16 ಫೆಬ್ರವರಿ, ಭಾನುವಾರ

ಸಂಡೂರಿಗೆ ಹೋಗಿದ್ದೆ. ಅಪ್ಪ ಗಣಿ ಲಾರಿ ಓಡಿಸುತ್ತಿದ್ದಾಗ ನಾವು ಅಲ್ಲೇ ಇದ್ದೆವು. ಸೈನ್ಯದಲ್ಲಿ ಬಾಕ್ಸಿಂಗ್ ಆಡಿ ನಿವೃತ್ತರಾದ ಮೈಲಾರಲಿಂಗಪ್ಪ ಒಂದು ಹಳೆಯ ಲಾರಿ ಶೆಡ್ಡಿನಲ್ಲಿ, ಅದಿರಿನ ಕೆಂಪು ಧೂಳಿನ ನಡುವೆ, ಅಣ್ಣನಿಗೆ ಕೈ ಎತ್ತಿ ನಿಲ್ಲುವುದನ್ನು ಕಲಿಸಿದರು. ಶೆಡ್ಡಿನ ಹೊರಗೋಡೆಯ ತುಂಬ ಈಗ ಅಣ್ಣನ ಚಿತ್ರವಿದೆ. ಪೇಂಟರ್ ಮೀಸೆ ಸ್ವಲ್ಪ ಹೆಚ್ಚು ಬರೆದಿದ್ದಾನೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಚಹಾ ಮಾಡಿಕೊಟ್ಟರು.

“ಎರಡು ಸಲ ಟೈಟಲ್ ಫೈಟ್ ಬಂದಿತ್ತವ್ವ ಅವಂಗ. ಒಮ್ಮೆ ವೀಸಾ ಬರೋದ್ರಾಗ ಫೈಟೇ ಮುಗದಿತ್ತು. ಇನ್ನೊಮ್ಮೆ ಕೊಡಾಕಿಲ್ಲ ಅಂದ್ರು. ದೇಶದ ಟೀಮಿನ್ಯಾಗ ಇದ್ರ ಹಿಂದ ನಾಕು ಮಂದಿ ಇರ್ತಾರ. ಪ್ರೊಫೆಷನಲ್ ಅಂದ್ರ ಒಬ್ನೇ. ಬ್ಯಾಗೂ ಅವಂದೇ, ಅರ್ಜೀನೂ ಅವಂದೇ.”

“ಹಂಗಂತ ದೇಶ ಬಿಡಬೇಕಾ ಸರ್?”

ಬೆಂಚಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. “ನನಗೂ ಸಂಕಟ ಆಗೇತಿ. ದಿನಾ ಆ ಗೋಡಿ ನೋಡ್ತೀನಿ. ಆದ್ರ ಅವಂಗ ಇಪ್ಪತ್ತೆಂಟು ಆತು. ಮಾರಿ ಇನ್ನ ಮೂರ್ನಾಕು ವರ್ಷ ತಡಕೊಂತೈತಿ, ಅಷ್ಟೇ. ಬಂದಾಗ ಒಮ್ಮೆ ಅವನ ಜೋಡಿ ಕುಂತು ಮಾತಾಡು. ಕಾಗದ ಕೊಡಬ್ಯಾಡ.”

ಕರಪತ್ರ ಅವರಿಗೂ ತಲುಪಿದೆ.

ಒಬ್ಬನ ಸಂಕಟದಿಂದ ತತ್ವ ಬದಲಾಗುವುದಿಲ್ಲ. ಮೈಲಾರಲಿಂಗಪ್ಪನವರಿಗೆ ಮನಸ್ಸಿದೆ, ಓದಿಲ್ಲ.

3 ಮಾರ್ಚ್, ಸೋಮವಾರ

ಅಣ್ಣ ಬಂದ. ಬಲಗಿವಿ ಹೂಕೋಸಿನಂತೆ ಮುದುಡಿದೆ. ಅವ್ವ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ನನಗೆ ಒಂದು ಜೊತೆ ಬಿಳಿಯ ಶೂ ತಂದಿದ್ದಾನೆ. ಅಳತೆ ಸರಿಯಾಗಿದೆ. ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಸಂಜೆ ಕೋಟೆಯ ಹಿಂದೆ ಹೊಳೆಯ ಮೆಟ್ಟಿಲಿಗೆ ಹೋದೆವು. ನೀರು ಕಡಿಮೆ ಇತ್ತು, ಬಂಡೆಗಳೆಲ್ಲ ಮೇಲೆದ್ದಿದ್ದವು. ಬಹಳ ಹೊತ್ತು ಕಲ್ಲು ಎಸೆಯುತ್ತ ಕೂತಿದ್ದ.

“ನೀ ಏನಂತಿ ಸುಕ್ಕಿ?” ಎಂದು ಕೇಳಿದ.

ನಾನು ಬ್ಯಾಗಿನಿಂದ ಕರಪತ್ರ ತೆಗೆದು ಕೊಟ್ಟೆ. ಬಾಯಲ್ಲಿ ಹೇಳಿದರೆ ಅಳು ಬರಬಹುದು, ವಾದ ಹಾಳಾಗಬಹುದು ಎಂದುಕೊಂಡಿದ್ದೆ. ಅವನು ಮೊದಲಿನಿಂದ ಕೊನೆಯವರೆಗೆ ಓದಿದ. ಶಾಲೆಯಲ್ಲಿ ಓದುತ್ತಿದ್ದಂತೆಯೇ, ತುಟಿ ಅಲ್ಲಾಡಿಸುತ್ತ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟ.

“ಚೊಲೋ ಬರದಿ. ಒಂದು ತಪ್ಪಿಲ್ಲ.”

ನನ್ನ ಬರಹವನ್ನು ಅಣ್ಣ ಹೊಗಳಿದ್ದು ಇದೇ ಮೊದಲು. ಅವನು ವಾದಿಸಲಿಲ್ಲ ಎಂದರೆ ಅವನ ಬಳಿ ಉತ್ತರವಿಲ್ಲ ಎಂದೇ ಅರ್ಥ.

6 ಮಾರ್ಚ್, ಗುರುವಾರ

ಸಂಡೂರಿನ ಗೋಡೆಯ ಮೇಲಿನ ಅಣ್ಣನ ಮುಖಕ್ಕೆ ಡಾಂಬರು ಬಳಿದಿದ್ದಾರೆ. ದುರುಗೇಶನ ಹುಡುಗರು. ಕೆಳಗೆ ದೊಡ್ಡ ಅಕ್ಷರದಲ್ಲಿ ನನ್ನ ಸಾಲು: ಬೆನ್ನಿನಲ್ಲಿ ಮೂಳೆಯಿಲ್ಲ.

ಹಾಗೆ ಮಾಡಿ ಎಂದು ನಾನು ಯಾರಿಗೂ ಹೇಳಿಲ್ಲ.

ಅಣ್ಣ ಫೋಟೋ ನೋಡಿ, “ಮೀಸಿ ಮುಚ್ಚಿದ್ದು ಚೊಲೋ ಆತು,” ಅಂದ. ಅವ್ವ ನಗಲಿಲ್ಲ. ರಾತ್ರಿ ಅವನು ಉಣ್ಣಲೂ ಇಲ್ಲ.

8 ಮಾರ್ಚ್, ಶನಿವಾರ

ಅಣ್ಣ ಹೋದ. ಸಹಿ ಮಾಡುತ್ತಾನೆ.

ಬೆಳಿಗ್ಗೆ ಅವ್ವ ಅವನನ್ನು ಮಣೆಯ ಮೇಲೆ ಕೂರಿಸಿದಳು. ನಮ್ಮ ಮನೆಯ ಗೋಡೆಯಲ್ಲಿ ನಾನು ಹಾಕಿದ ಬುದ್ಧನ ಪಟವಿದೆ, ಅದಕ್ಕೆ ಒತ್ತಿಕೊಂಡೇ ಅವ್ವ ಹಾಕಿದ ಹುಲಿಗೆಮ್ಮನ ಪಟವಿದೆ. ಎರಡರ ಎದುರಿಗೂ ಕೂರಿಸಿದಳು. ಹೊಸ ಬಿಳಿ ಟವೆಲನ್ನು ಅವನ ತೊಡೆಯ ಮೇಲೆ ಹಾಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಹಸಿ ಅರಿಶಿನದ ಕೊಂಬನ್ನು ಮೊರದಿಂದ ಸುರಿದಳು. ಉಡಿ ತುಂಬುವುದು ಗಂಡನ ಮನೆಗೆ ಹೋಗುವ ಹೆಣ್ಣುಮಗಳಿಗೆ. ಗಂಡಸಿಗೆ ತುಂಬಿದ್ದನ್ನು ನಾನು ಕಂಡಿಲ್ಲ.

ಪಕ್ಕದ ಮನೆಯ ಅನುಸೂಯಾ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದಳು. “ಯಮನಮ್ಮಕ್ಕ, ಮಗನ್ನ ಯಾವ ಮನಿಗೆ ಕೊಟ್ಟಿಬೇ?”

“ಭಾಳ ದೂರದ ಮನಿ,” ಅಂದಳು ಅವ್ವ. “ಹೆಣ್ಣು ಹುಡುಗಿ ಹ್ವಾದ್ರ ಮನಿತನ ಬ್ಯಾರೆ ಆಕ್ಕೈತಿ, ಹೆಸರು ಬ್ಯಾರೆ ಆಕ್ಕೈತಿ, ನಮ್ಮ ರೇಷನ್ ಕಾರ್ಡಿನ್ಯಾಗಿಂದ ತಗದು ಬಿಡ್ತಾರ. ಆಕೀಗೆ ಯಾರರ ದ್ರೋಹಿ ಅಂತಾರೇನು? ಉಡಿ ತುಂಬಿ ಕಳಸ್ತಾರ.” ನನ್ನ ಕಡೆ ತಿರುಗಲಿಲ್ಲ. “ಮಾರ್ಯಾ, ಐದು ಕಾಳು ಹೊಳ್ಳಿ ಮೊರದಾಗ ಹಾಕು. ತವರಿಗೆ ಬಿಟ್ಟು ಹೋಗಬೇಕು.”

ಅವನಿಗೆ ಪದ್ಧತಿ ಗೊತ್ತಿಲ್ಲ. ಇಡೀ ಹಿಡಿ ಹಾಕಿದ.

“ಅಷ್ಟಲ್ಲಲೇ. ಐದೇ ಐದು,” ಎಂದು ಅವ್ವ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು.

ಮದುವೆಗೂ ಪೌರತ್ವಕ್ಕೂ ಹೋಲಿಕೆ ಸರಿಯಲ್ಲ. ಯಾಕೆ ಸರಿಯಲ್ಲ ಎಂದು ಬರೆಯಬಲ್ಲೆ. ಇವತ್ತು ಬೇಡ.

ಬಸ್‌ಸ್ಟ್ಯಾಂಡಿಗೆ ನಾನೊಬ್ಬಳೇ ಹೋದೆ. ಹೊಸಪೇಟೆ ಬಸ್ಸು ಹಿಂದೆ ಬರುತ್ತಿದ್ದಾಗ ಅವನು ಹೇಳಿದ: “ನಾ ನಿನ್ನ ಕೇಳಾಕಂತ ಬಂದಿದ್ದೆ. ಹೋಗಬ್ಯಾಡ ಅಂತ ಒಂದು ಸಲ ಅಂದಿದ್ರ ಬಿಡ್ತಿದ್ದೆ, ಸುಕ್ಕಿ. ನೀ ದ್ರೋಹಿ ಅಂದಿ. ಹೋಗಬ್ಯಾಡ ಅನ್ನಲಿಲ್ಲ.”

ಕಂಡಕ್ಟರ್ ಸೀಟಿ ಹೊಡೆದ.

ಮನೆಗೆ ಬಂದು ಕರಪತ್ರವನ್ನು ಇನ್ನೊಮ್ಮೆ ಓದಿದೆ. ನಿಜ. ಹೋಗಬೇಡ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

20 ಏಪ್ರಿಲ್, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಬಳಗದ ಸಭೆಗೆ ಹೋಗಲಿಲ್ಲ. ಬಿಸಿಲು.

27 ಜುಲೈ, ಭಾನುವಾರ

ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ. ಹೊಳೆ ಸೇತುವೆಯ ಮಟ್ಟ ಮುಟ್ಟಿದೆ, ಆಚೆ ದಡಕ್ಕೆ ಬಸ್ಸಿಲ್ಲ. ಊರಿಗೆ ಊರೇ ನೋಡಲು ಹೋಗಿತ್ತು.

ಅಣ್ಣನಿಗೆ ಹೊಸ ಪಾಸ್‌ಪೋರ್ಟ್ ಬಂತು. ಹಳೆಯದನ್ನು ಒಪ್ಪಿಸಿದ್ದಾನೆ. ರದ್ದು ಮಾಡಿ, ಮೂಲೆ ಕತ್ತರಿಸಿ ವಾಪಸ್ ಕೊಟ್ಟರಂತೆ. ಅದರ ಫೋಟೋ ಅವ್ವನಿಗೆ ಕಳಿಸಿದ್ದಾನೆ. ನನಗೆ ಕಳಿಸಿಲ್ಲ. “ಸುಳ್ಳ ಯಾಕ ಕತ್ತರಿಸ್ಯಾರ? ಚೊಲೋ ಇತ್ತಲ್ಲ,” ಎಂದು ಅವ್ವ ಕೇಳಿದಳು. ವಿವರಿಸಿದೆ.

ಸೇತುವೆಯ ಹತ್ತಿರ ದುರುಗೇಶ ಗುಂಪು ಕಟ್ಟಿಕೊಂಡು ನಿಂತಿದ್ದ. “ಸುಕನ್ಯಕ್ಕ, ನಿಮ್ಮಣ್ಣ ಹಂಪಿಗೆ ಬಂದ್ರ ಇನ್ಮ್ಯಾಲೆ ಫಾರಿನ್ ಟಿಕೇಟು. ಆರ್ನೂರು. ನಾವು ನಲವತ್ತರಾಗ ಕಲ್ಲಿನ ರಥ ನೋಡ್ತೀವಿ, ಆಂವ ನಮ್ಮನ್ನ ನೋಡ್ಕೊಂತ ಸಾಲಿನ್ಯಾಗ ನಿಂದ್ರಬೇಕು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಟೋಬರಿನಲ್ಲಿ ಅವನ ಮೊದಲ ಪಂದ್ಯ, ಆ ಬಾವುಟದ ಕೆಳಗೆ. ಸೋಲಲಿ. ಆಗ ತಿಳಿಯುತ್ತದೆ.

19 ಅಕ್ಟೋಬರ್, ಭಾನುವಾರ

ನಿನ್ನೆ ಸಂಜೆ ಪಂದ್ಯ. ಮೈಲಾರಲಿಂಗಪ್ಪ ಸಂಡೂರಿನಿಂದ ಬಂದಿದ್ದರು. ನನ್ನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನೋಡಿದೆವು. ಅವ್ವ ನೋಡಲಿಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

ಮೈಕ್ ಹಿಡಿದವನು ಅಣ್ಣನ ಹೆಸರನ್ನು ಉದ್ದಕ್ಕೆ ಎಳೆದು, ಆ ದೇಶದ ಹೆಸರು ಕೂಗಿದ. ಅವರ ರಾಷ್ಟ್ರಗೀತೆ ಬಂತು. ಅಣ್ಣನಿಗೆ ಅದರ ಮಾತು ಬರುವುದಿಲ್ಲ. ಎದೆಯ ಮೇಲೆ ಗ್ಲೌಸ್ ಇಟ್ಟುಕೊಂಡು ತುಟಿ ಅಲ್ಲಾಡಿಸಲು ನೋಡಿದ. ನನಗೆ ಆ ತುಟಿ ಗೊತ್ತು.

ಕೆಳಗೆ ಆ ದೇಶದ ಜನ ಕಾಮೆಂಟ್ ಹಾಕುತ್ತಿದ್ದರು. ಅನುವಾದ ಒತ್ತಿದೆ. “ಇವನು ನಮ್ಮವನಲ್ಲ, ಬಾಡಿಗೆಗೆ ತಂದವನು.” “ನಮ್ಮ ಹುಡುಗರಿಲ್ಲವೇ?” “ಗೆದ್ದರೆ ಇರಲಿ, ಸೋತರೆ ವಾಪಸ್ ಕಳಿಸಿ.” ಸಾಲುಸಾಲಾಗಿ ಬರುತ್ತಿದ್ದವು. ಎಲ್ಲೋ ಓದಿದ ಹಾಗಿತ್ತು. ಕಾಮೆಂಟ್ ಮುಚ್ಚಿಬಿಟ್ಟೆ.

ಮೂರು ಸುತ್ತು ಚೆನ್ನಾಗಿ ಆಡಿದ. ನಾಲ್ಕರಲ್ಲಿ ಹುಬ್ಬು ಒಡೆಯಿತು. ಆರನೆಯದರಲ್ಲಿ ಅವನ ಕೈ ಇಳಿದವು, ಎದುರಿನವನು ನಿಲ್ಲಿಸಲೇ ಇಲ್ಲ. ಎತ್ತು, ಕೈ ಎತ್ತು ಎಂದು ನಾನು ಹೇಳುತ್ತಿದ್ದೆನಂತೆ, ಮೈಲಾರಲಿಂಗಪ್ಪ ಆಮೇಲೆ ಹೇಳಿದರು. ಆಗ ಅವನ ಮೂಲೆಯಿಂದ ಒಂದು ಬಿಳಿ ಟವೆಲ್ ಹಾರಿ ರಿಂಗಿನ ನಡುವೆ ಬಿತ್ತು. ಕ್ಯಾಮೆರಾ ಅದರ ಮೇಲೆ ಒಂದು ಕ್ಷಣ ನಿಂತಿತು. ಒಂದು ಬದಿಗೆ ಅರಿಶಿನದ ಕಲೆ.

“ಅವನ ಕಡಿಯೋರು ಟವೆಲ್ ಒಗದ್ರು. ಇನ್ನ ಹೊಡಿಬ್ಯಾಡ್ರಿ, ಸೋತ್ವಿ ಅಂತ,” ಎಂದು ಮೈಲಾರಲಿಂಗಪ್ಪ ಅವ್ವನಿಗೆ ಹೇಳಿದರು.

ಅವ್ವ ಅಕ್ಕಿಯಿಂದ ಕೈ ತೆಗೆದಳು. “ಉಡಿ ತುಂಬಿದ ಟವೆಲ್ಲಾ?”

“ಹೌದವ್ವ.”

“ಚೊಲೋ ಆತು. ಕೆಲಸಕ್ಕ ಬಂತು,” ಅಂದಳು.

ಸ್ವಲ್ಪ ಹೊತ್ತಿಗೆ ಬಸ್‌ಸ್ಟ್ಯಾಂಡ್ ಕಡೆ ಪಟಾಕಿ ಸದ್ದು. ನಾಳೆ ದೀಪಾವಳಿಯಲ್ಲವೇ, ಅದಕ್ಕೇ ಇರಬೇಕು ಎಂದೆ. ಅವ್ವ ಮತ್ತೆ ಅಕ್ಕಿಗೆ ಕೈ ಹಾಕಿದಳು.

24 ಅಕ್ಟೋಬರ್, ಶುಕ್ರವಾರ

ದುರುಗೇಶ ಅಂಗಡಿಗೆ ಬಂದಿದ್ದ. “ಇನ್ನೊಂದು ಬರಿರಿ ಸುಕನ್ಯಕ್ಕ. ದ್ರೋಹದ ಫಲ ಅಂತ ಹೆಡ್ಡಿಂಗ್ ಕೊಡ್ರಿ. ಮಸ್ತ್ ಆಕ್ಕೈತಿ.”

“ಕಂಪ್ಯೂಟರ್ ಕೆಟ್ಟೈತಿ,” ಅಂದೆ.

ನನ್ನ ಹಿಂದೆಯೇ ವಿಜಯಕುಮಾರ್ ಅದೇ ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಹೊಡೆಯುತ್ತಿದ್ದರು. ಕೈ ನಿಲ್ಲಿಸಿದರು. “ಹೌದಪ್ಪ, ಕೆಟ್ಟೈತಿ,” ಅಂದರು.

2 ನವೆಂಬರ್, ಭಾನುವಾರ

ಹುಲುಗೇಶನ ಆಟೊದಲ್ಲಿ ಸಂಡೂರಿಗೆ ಹೋಗಿ ಬಂದೆ. ಶೆಡ್ಡಿನ ಗೋಡೆಗೆ ಹೇಗೂ ಸುಣ್ಣ ಬೇಕಾಗಿತ್ತು. ಡಾಂಬರು ಕೆರೆದರೂ ಹೋಗಲಿಲ್ಲ. ಅಣ್ಣನ ಮುಖದ ಮೇಲೆಯೇ ಬಳಿದೆವು, ಬೇರೆ ದಾರಿ ಇರಲಿಲ್ಲ. ಮೈಲಾರಲಿಂಗಪ್ಪ ಏಣಿ ಹಿಡಿದುಕೊಂಡರು. ಅಕ್ಷರಗಳ ಮೇಲೆ ಎಷ್ಟು ಹೊಡೆದರೂ ಒಣಗಿದ ಮೇಲೆ “ಮೂಳೆಯಿಲ್ಲ” ಎನ್ನುವುದು ಕಂದಾಗಿ ಕಾಣುತ್ತಲೇ ಇತ್ತು.

“ಮುಂದಿನ ವಾರ ಮತ್ತ ಬರೋಣಂತ ಬಿಡಕ್ಕ,” ಅಂದ ಹುಲುಗೇಶ.

ಪೆಟ್ಟಿಗೆಯಲ್ಲಿದ್ದ ಬಿಳಿ ಶೂ ಹಾಕಿಕೊಂಡು ಹೋಗಿದ್ದೆ. ಈಗ ಕೆಂಪಾಗಿದೆ. ತೊಳೆಯಬೇಕು.

30 ಡಿಸೆಂಬರ್, ಮಂಗಳವಾರ

ಅಣ್ಣ ಫೋನ್ ಮಾಡಿದ. ಅವ್ವನ ಫೋನಿಗಲ್ಲ, ನನ್ನ ಫೋನಿಗೆ. ಅವನ ದೇಶದಲ್ಲಿ ಇನ್ನೂ ಬೆಳಕಿತ್ತು, ಹಿಂದೆ ಹಕ್ಕಿಗಳ ಸದ್ದು.

“ಟೂರಿಸ್ಟ್ ವೀಸಾ ಸಿಕ್ಕೈತಿ. ಶನಿವಾರ ಬರ್ತೀನಿ. ಕಂಪ್ಲಿಗೆ ಬರಂಗಿಲ್ಲ. ಹಂಪಿ ಕಡೆ ರೂಮ್ ಹಿಡದೀನಿ. ಫಾರಿನ್ ಮಂದಿ ಇಳಿಯೋ ಜಾಗ ಅದ ಅಲ್ಲೇನು? ಅವ್ವನ್ನ ಅಲ್ಲಿಗೆ ಕಳಸು.”

ತಿಂಗಳುಗಳಿಂದ ಹೇಳಬೇಕೆಂದು ಜೋಡಿಸಿಟ್ಟ ವಾಕ್ಯಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

“ಹಂಗ ಮಾಡಬ್ಯಾಡಣ್ಣ,” ಅಂದೆ.

ಅವ್ವ ಪಕ್ಕದಿಂದ, “ಉಂಡಾನೇನು ಕೇಳು,” ಎಂದು ಪಿಸುಗುಟ್ಟಿದಳು.

“ಇನ್ನೊಮ್ಮೆ ಅನ್ನು,” ಅಂದ ಅಣ್ಣ.

“ರೂಮು ಬ್ಯಾಡ. ಮನಿಗೆ ಬಾ.”

“ಮೊದಲು ನೀ ಹಂಪಿಗೆ ಬಾ. ಒಬ್ಬಾಕೀನೇ. ವಿಠ್ಠಲ ಗುಡಿ ಟಿಕೇಟ್ ಕೌಂಟರ್. ನನ್ನ ಟಿಕೇಟು ನೀನೇ ತಗೀಬೇಕು, ಫಾರಿನ್ ಸಾಲಿನ್ಯಾಗ ನಿಂತು. ಮನಿ ಮಾತು ಆಮ್ಯಾಲೆ.”

ತಮಾಷೆ ಮಾಡುತ್ತಿದ್ದಾನೋ ಏನೋ ತಿಳಿಯಲಿಲ್ಲ. ನಿಲ್ಲುತ್ತೇನೆ ಅಂದೆ.

ಫೋನಿಟ್ಟ ಮೇಲೆ ಅವ್ವನಿಗೆ ಹೇಳಿದೆ. ಅವಳು ಹುಲಿಗೆಮ್ಮನ ಪಟದ ಹಿಂದೆ ಕೈ ಹಾಕಿ ಒಂದು ಸಣ್ಣ ಬಟ್ಟೆಗಂಟು ತೆಗೆದು ತೋರಿಸಿದಳು. ಅವನು ಬಿಟ್ಟುಹೋದ ಅಕ್ಕಿ. ತೆಗೆದುಕೊಂಡು ಹೋಗಲೇ ಎಂದು ಕೇಳಿದೆ.

“ಬ್ಯಾಡ. ಅವು ಮನ್ಯಾಗ ಇರೋವು,” ಎಂದು ಮತ್ತೆ ಅಲ್ಲೇ ಇಟ್ಟಳು. “ಅದಾವ ಅಂತ ಹೇಳು ಸಾಕು.”

ಜನವರಿ ನಾಲ್ಕು, ಭಾನುವಾರ. ಬೆಳಿಗ್ಗೆ ಎಂಟೂವರೆ, ಕೌಂಟರ್ ತೆರೆಯುವ ಹೊತ್ತಿಗೆ.